ಚರ್ಮದ ಮೇಲೆ ಕಾರಣ ತಿಳಿಯದ ಗುಳ್ಳೆ ಎದ್ದರೆ: ಟ್ಯೂಬ್ ಹಚ್ಚುವ ಮೊದಲು ಮಾಡಬೇಕಾದ ಕೆಲಸಗಳು

ಗಂಗಾವತಿ ಕಡೆಯ ಔಷಧ ಅಂಗಡಿಯೊಂದರಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದ್ದೇನೆ. ವಾರಕ್ಕೊಮ್ಮೆಯಾದರೂ ಯಾರಾದರೂ ಬಂದು ಪ್ಲಾಸ್ಟಿಕ್ ಚೀಲವೊಂದನ್ನು ಕೌಂಟರಿನ ಮೇಲೆ ಸುರಿಯುತ್ತಾರೆ. ಅರ್ಧ ಹಿಂಡಿದ ಮೂರು ನಾಲ್ಕು ಟ್ಯೂಬ್‌ಗಳೂ ಹೆಸರು ಹರಿದುಹೋದ ಮಾತ್ರೆಯ ಪಟ್ಟಿಯೊಂದೂ ಹೊರಬೀಳುತ್ತವೆ. "ಯಾವುದಕ್ಕೂ ಬಗ್ಗವಲ್ದು ನೋಡ್ರಿ, ಇನ್ನೂ ಸ್ಟ್ರಾಂಗ್ ಇರೋದು ಕೊಡ್ರಿ" ಎನ್ನುತ್ತಾರೆ. ಗುಳ್ಳೆ ಮೊದಲ ದಿನ ಹೇಗಿತ್ತು, ಎಲ್ಲಿ ಎದ್ದಿತು, ಯಾವ ಟ್ಯೂಬ್ ಮೊದಲು ಹಚ್ಚಿದ್ದು ಎಂದು ಕೇಳಿದರೆ ಮನೆಯವರು ಒಬ್ಬರ ಮುಖವನ್ನು ಒಬ್ಬರು ನೋಡುತ್ತಾರೆ. ಅಷ್ಟರಲ್ಲಿ ಗುಳ್ಳೆಯ ಮೂಲ ರೂಪ ಅಳಿಸಿಹೋಗಿರುವುದರಿಂದ ಚರ್ಮವೈದ್ಯರಿಗೂ ಅದನ್ನು ಗುರುತಿಸುವುದು ಕಷ್ಟವಾಗುತ್ತದೆ.

ಜನ ಎಡವುವುದು ಹೆಚ್ಚಾಗಿ ಕ್ರಮದಲ್ಲಿ. ಮೊದಲು ಹಚ್ಚುತ್ತಾರೆ, ಆಮೇಲೆ ತೋರಿಸುತ್ತಾರೆ, ನೋಡುವುದನ್ನು ಮಾತ್ರ ಮರೆಯುತ್ತಾರೆ. ಈ ಬರಹ ಆ ಕ್ರಮವನ್ನು ತಿರುಗಿಸಿ ಇಡುತ್ತದೆ.

ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಒಂದು ನೋಟ್‌ಬುಕ್ಕು, ಬಾಲ್‌ಪೆನ್ನು, ಕ್ಯಾಮೆರಾ ಇರುವ ಮೊಬೈಲು, ಒಂದು ರೂಪಾಯಿಯ ನಾಣ್ಯ, ಬಣ್ಣವಿಲ್ಲದ ಗಾಜಿನ ಲೋಟ, ಥರ್ಮಾಮೀಟರ್, ಚೂರು ಹತ್ತಿ. ಬೆನ್ನಿನ ಮೇಲಿನದನ್ನು ನೋಡಲು ಕೈಗನ್ನಡಿಗಿಂತ ಮನೆಯ ಇನ್ನೊಬ್ಬರ ಕಣ್ಣು ಮೇಲು.

ಹಂತ 1: ಇವತ್ತೇ ಓಡಬೇಕಾದ ಸ್ಥಿತಿಯೇ ಎಂದು ಐದು ನಿಮಿಷದಲ್ಲಿ ನಿರ್ಧರಿಸಿ

ಮೈತುಂಬ ಗಂಧೆ ಎದ್ದು ಅದರ ಜೊತೆಗೆ ತುಟಿ, ನಾಲಿಗೆ ಅಥವಾ ಕಣ್ಣುರೆಪ್ಪೆ ಊದಿಕೊಂಡರೆ, ಗಂಟಲು ಬಿಗಿದಂತಾದರೆ, ಉಸಿರಾಡಲು ತೊಂದರೆಯಾದರೆ ಅಥವಾ ತಲೆ ಸುತ್ತಿ ಕಣ್ಣು ಕತ್ತಲಿಟ್ಟರೆ 108ಕ್ಕೆ ಕರೆ ಮಾಡಿ. ಹೊಸ ಔಷಧ ನುಂಗಿದ ಮೇಲೆ, ಶೇಂಗಾ ಅಥವಾ ಮೀನು ತಿಂದ ಮೇಲೆ, ಕಣಜ ಕಚ್ಚಿದ ಮೇಲೆ ಹೀಗಾಗಬಹುದು. ಇಲ್ಲಿ ಈ ಬರಹದ ಉಳಿದ ಹಂತಗಳು ಯಾವುವೂ ಅನ್ವಯಿಸುವುದಿಲ್ಲ.

ಫಿಟ್ಸ್, ಯೂರಿಕ್ ಆಸಿಡ್, ನೋವು ಅಥವಾ ಸೋಂಕಿನ ಮಾತ್ರೆಯನ್ನು ಹೊಸದಾಗಿ ಆರಂಭಿಸಿದ ಕೆಲವು ದಿನ ಅಥವಾ ವಾರಗಳಲ್ಲಿ ಮೈಮೇಲೆ ಗುಳ್ಳೆ ಎದ್ದು, ಬಾಯೊಳಗೆ ಹುಣ್ಣಾಗಿ, ಕಣ್ಣು ಕೆಂಪಾಗಿ, ಚರ್ಮ ಸುಟ್ಟಂತೆ ಸುಲಿಯತೊಡಗಿದರೆ ಅದು ಜೀವಕ್ಕೆ ಅಪಾಯ ತರುವ ಔಷಧದ ಪ್ರತಿಕ್ರಿಯೆಯಾಗಿರಬಹುದು. ಮುಂದಿನ ಮಾತ್ರೆ ನುಂಗದೆ, ಮಾತ್ರೆಯ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು, ಅದೇ ದಿನ ಒಳರೋಗಿ ವಾರ್ಡು ಇರುವ ದೊಡ್ಡ ಆಸ್ಪತ್ರೆಗೇ ಹೋಗಬೇಕು.

ಜ್ವರದ ಜೊತೆಗೆ ಕೆಂಪು ಅಥವಾ ನೇರಳೆ ಚುಕ್ಕೆಗಳು ಕಂಡರೆ ಗಾಜಿನ ಲೋಟವನ್ನು ಅವುಗಳ ಮೇಲೆ ಒತ್ತಿ ಹಿಡಿದು ಗಾಜಿನ ಮೂಲಕ ನೋಡಿ. ಸಾಮಾನ್ಯ ದದ್ದಿನ ಕೆಂಪು ಒತ್ತಿದಾಗ ಮಾಯವಾಗುತ್ತದೆ; ಮಾಯವಾಗದಿದ್ದರೆ ರಕ್ತ ಚರ್ಮದೊಳಗೆ ಸೋರಿದೆ ಎಂದರ್ಥ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಮ್ಮ ಕಡೆಯ ಕಪ್ಪು ಮೈಬಣ್ಣದಲ್ಲಿ ಇದು ತೋಳಿನ ಮೇಲೆ ಸರಿಯಾಗಿ ಕಾಣದಿರಬಹುದಾದ್ದರಿಂದ ಅಂಗೈ, ಅಂಗಾಲು, ಕಣ್ಣುರೆಪ್ಪೆಯ ಒಳಭಾಗ ಮತ್ತು ಬಾಯಿಯ ಮೇಲಂಗುಳವನ್ನೂ ನೋಡಿ.

ಒಂದೇ ಕಡೆ ಬಿಸಿಯಾಗಿ, ನೋಯುತ್ತ, ಊದಿಕೊಂಡು ಹಬ್ಬುತ್ತಿರುವ ಕೆಂಪು ಇದ್ದರೆ ಅದರ ಅಂಚಿನ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆದು ಸಮಯ ಬರೆದಿಡಿ. ಕೆಲವೇ ಗಂಟೆಗಳಲ್ಲಿ ಕೆಂಪು ಆ ಗೆರೆಯನ್ನು ದಾಟಿದರೆ ಅಥವಾ ಚಳಿಜ್ವರ ಬಂದರೆ ಬೆಳಗಾಗುವವರೆಗೆ ಕಾಯಬೇಡಿ. ಸಕ್ಕರೆ ಕಾಯಿಲೆ ಇರುವವರು ಕಾಲಿನ ಮೇಲೆ ಇಂಥದು ಕಂಡ ದಿನವೇ ತೋರಿಸಬೇಕು, ಗೆರೆ ಎಳೆದು ಕಾಯುವ ಸ್ವಾತಂತ್ರ್ಯ ಅವರಿಗಿಲ್ಲ.

ಹಸುಗೂಸಿಗೆ ಜ್ವರವೂ ಗುಳ್ಳೆಯೂ ಒಟ್ಟಿಗೆ ಬಂದರೆ, ಗರ್ಭಿಣಿಗೆ ನೀರುಗುಳ್ಳೆ ಎದ್ದರೆ, ಕಣ್ಣಿನ ಸುತ್ತ ಅಥವಾ ಮೂಗಿನ ತುದಿಯಲ್ಲಿ ಉರಿಯುವ ಗುಳ್ಳೆಗಳಾದರೆ ಅದೇ ದಿನ ವೈದ್ಯರನ್ನು ಕಾಣಬೇಕು.

ಇವು ಯಾವುವೂ ಇಲ್ಲವೆಂದಾದರೆ ನಿಮ್ಮ ಕೈಯಲ್ಲಿ ಸಮಯವಿದೆ.

ಹಂತ 2: ಒಂದು ದಿನ ಏನನ್ನೂ ಹಚ್ಚದೆ ಇರಿ

ಹೇಳಲು ಸುಲಭವಾದ, ಪಾಲಿಸಲು ಅತ್ಯಂತ ಕಷ್ಟವಾದ ಹಂತ ಇದು. ಸುಣ್ಣ, ಟೂತ್‌ಪೇಸ್ಟ್, ಜಜ್ಜಿದ ಬೆಳ್ಳುಳ್ಳಿ, ಕೆಮ್ಮಣ್ಣು, ಬೇವಿನ ರಸ ಯಾವುದೂ ಬೇಡ. ಹಸಿ ಬೆಳ್ಳುಳ್ಳಿ ಚರ್ಮವನ್ನು ನಿಜಕ್ಕೂ ಸುಡುತ್ತದೆ. ಅರಿಶಿನ ಅಷ್ಟು ಕೇಡು ಮಾಡದಿದ್ದರೂ ಅದರ ಹಳದಿಯಡಿ ವೈದ್ಯರಿಗೆ ಏನೂ ಕಾಣುವುದಿಲ್ಲ. ಹಿಂಡುವುದು, ಸೂಜಿಯಿಂದ ಚುಚ್ಚುವುದು, ಕೂದಲು ಕಟ್ಟಿ ಎಳೆಯುವುದು ಸೋಂಕನ್ನು ಒಳಗೆ ತಳ್ಳುವ ದಾರಿಗಳು. ಅದರಲ್ಲೂ ಮೂಗು ಮತ್ತು ಮೇಲ್ದುಟಿಯ ಸುತ್ತಲಿನ ಕುರುವನ್ನು ಹಿಂಡಲೇಬಾರದು.

ತುರಿಕೆಗೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆಯನ್ನು ಹತ್ತು ನಿಮಿಷ ಇಟ್ಟುಕೊಳ್ಳಿ, ಉಗುರು ಕತ್ತರಿಸಿಕೊಳ್ಳಿ, ಸಡಿಲವಾದ ಬಟ್ಟೆ ತೊಡಿ. ಅಷ್ಟೇ ಸಾಕು.

ಟ್ಯೂಬ್‌ಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಹಿಂದೊಮ್ಮೆ ತೊಡೆಯ ಸಂದಿಯಲ್ಲಿ ಗಜಕರ್ಣವಾಗಿದ್ದ ಯುವಕನಿಗೆ, ಅವನು ಹೆಸರು ಹೇಳಿ ಕೇಳಿದ್ದರಿಂದ, ಸ್ಟೀರಾಯ್ಡ್ ಬೆರೆತ ಟ್ಯೂಬ್ ಕೊಟ್ಟೆ. ಎರಡು ದಿನದಲ್ಲಿ ತುರಿಕೆ ನಿಂತಿತು, ಅವನಿಗೂ ನನಗೂ ಸಂತೋಷವಾಯಿತು. ಎರಡು ತಿಂಗಳ ಮೇಲೆ ಬಂದಾಗ ಅದು ಸೊಂಟ ದಾಟಿ ಹೊಟ್ಟೆಯವರೆಗೆ ಹಬ್ಬಿತ್ತು, ತೊಡೆಯ ಚರ್ಮ ತೆಳುವಾಗಿ ಬಿಳಿ ಗೀರುಗಳು ಬಿದ್ದಿದ್ದವು. ಸ್ಟೀರಾಯ್ಡ್ ಉರಿಯೂತವನ್ನು ಅಡಗಿಸುತ್ತದೆ. ಅದರ ನೆರಳಿನಲ್ಲಿ ಶಿಲೀಂಧ್ರ ಆರಾಮವಾಗಿ ಬೆಳೆಯುತ್ತದೆ, ಗಜಕರ್ಣದ ಗುರುತಾದ ಉಂಗುರದ ಆಕಾರವೂ ಅಳಿಸಿಹೋಗುತ್ತದೆ. ಟ್ಯೂಬಿನ ಮೇಲೆ ಕ್ಲೊಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಎಂಬ ಹೆಸರುಗಳಿದ್ದರೆ ಅದು ಸ್ಟೀರಾಯ್ಡ್ ಎಂದು ತಿಳಿಯಿರಿ. ವೈದ್ಯರು ಬರೆದುಕೊಟ್ಟಾಗ ಇವು ಒಳ್ಳೆಯ ಔಷಧಗಳೇ. ಪಕ್ಕದ ಮನೆಯವರು ಎರವಲು ಕೊಟ್ಟಾಗ ಮಾತ್ರ ಅಲ್ಲ.

ಹಂತ 3: ಬೆಳಕಿನಲ್ಲಿ ನಿಂತು ನೋಡಿ

ಗುಳ್ಳೆಯ ಹೆಸರು ಹುಡುಕುವುದು ವೈದ್ಯರ ಕೆಲಸ. ನೀವು ನೋಡಬೇಕಾದದ್ದು ಎಲ್ಲಿದೆ, ಎಷ್ಟು ದಿನದಿಂದ ಇದೆ, ಯಾವಾಗ ತುರಿಸುತ್ತದೆ, ಮನೆಯಲ್ಲಿ ಇನ್ನಾರಿಗೆ ಇದೆ ಎಂಬುದನ್ನು. ಆದರೂ ನಮ್ಮ ಭಾಗದಲ್ಲಿ ಮತ್ತೆ ಮತ್ತೆ ಕಾಣುವ ಕೆಲವನ್ನು ಬಲ್ಲವರಿಗೆ ಏನನ್ನು ಗಮನಿಸಬೇಕೆಂಬುದು ಬೇಗ ಹೊಳೆಯುತ್ತದೆ.

ಬೆಳಿಗ್ಗೆ ಎದ್ದಾಗ ಕುತ್ತಿಗೆ ಅಥವಾ ತೋಳಿನ ಮೇಲೆ ಬರೆ ಎಳೆದಂತೆ ಉದ್ದನೆಯ ಕೆಂಪು ಪಟ್ಟೆ, ಅದರ ಮೇಲೆ ಸಾಲಾಗಿ ಸಣ್ಣ ನೀರುಗುಳ್ಳೆ, ತುರಿಕೆಗಿಂತ ಹೆಚ್ಚು ಉರಿ: ಇದನ್ನು ನಮ್ಮವರು "ಏನೋ ಹುಳ ಹರದೈತ್ರಿ" ಎನ್ನುತ್ತಾರೆ, ಮತ್ತು ಆ ಮಾತು ಬಹುಮಟ್ಟಿಗೆ ನಿಜ. ತುಂಗಭದ್ರಾ ಕಾಲುವೆಯ ಕೆಳಗಿನ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಭತ್ತದ ಗದ್ದೆಗಳಂಥ ತೇವದ ನೆಲದಲ್ಲಿ ಬದುಕುವ, ಒಂದು ಸೆಂಟಿಮೀಟರಿಗೂ ಚಿಕ್ಕದಾದ, ಕೆಂಪು ಮೈಗೆ ಕಪ್ಪು ತಲೆ ಮತ್ತು ಕಪ್ಪು ಬಾಲದ ತುದಿ ಇರುವ ಹುಳವೊಂದು ರಾತ್ರಿ ಟ್ಯೂಬ್‌ಲೈಟಿನ ಬೆಳಕಿಗೆ ಬರುತ್ತದೆ. ಅದು ಕಚ್ಚುವುದಿಲ್ಲ. ಮೈಮೇಲೆ ಹರಿದಾಡುವಾಗ ನಾವು ನಿದ್ದೆಗಣ್ಣಿನಲ್ಲಿ ಉಜ್ಜಿ ಅರೆದರೆ ಅದರ ದೇಹದ ರಸ ಚರ್ಮವನ್ನು ಸುಡುತ್ತದೆ, ಗುಳ್ಳೆ ಏಳುವುದು ಒಂದೆರಡು ದಿನ ಕಳೆದ ಮೇಲೆ. ಮೊಣಕೈಯ ಮಡಿಕೆಯಲ್ಲಾದರೆ ಮಡಿಚಿದಾಗ ತಾಗುವ ಎರಡೂ ಬದಿಗಳಲ್ಲಿ ಒಂದೇ ಅಚ್ಚು ಮೂಡಿರುತ್ತದೆ. ಹುಳ ಕಂಡರೆ ಊದಿ ಹಾರಿಸಿ, ಅರೆದಿದ್ದರೆ ತಕ್ಷಣ ಸೋಪು ನೀರಿನಿಂದ ತೊಳೆಯಿರಿ, ಆ ಕೈಯಿಂದ ಕಣ್ಣು ಮುಟ್ಟಬೇಡಿ.

ಸೊಂಟದ ಒಂದು ಬದಿಯಲ್ಲಿ ಮಾತ್ರ, ಬೆನ್ನಿನಿಂದ ಹೊಟ್ಟೆಯ ಕಡೆಗೆ ಪಟ್ಟಿಯಂತೆ ಗೊಂಚಲು ಗುಳ್ಳೆಗಳೆದ್ದು, ಅವು ಏಳುವ ಎರಡು ಮೂರು ದಿನ ಮೊದಲೇ ಚುಚ್ಚುವ ನೋವು ಶುರುವಾಗಿದ್ದರೆ ಸರ್ಪಸುತ್ತು ಇರಬಹುದು. ಹೆಡೆಯೂ ಬಾಲವೂ ಕೂಡಿದರೆ ಪ್ರಾಣ ಹೋಗುತ್ತದೆಂಬ ಭಯದಲ್ಲಿ ಕೆಮ್ಮಣ್ಣು ಬರೆಸಲು ಊರೂರು ಅಲೆಯುವವರಿದ್ದಾರೆ. ಹಿಂದೆ ಬಂದ ಸೀತಾಳೆ ಸಿಡುಬಿನ ವೈರಸ್ಸು ನರದಲ್ಲಿ ಅಡಗಿದ್ದು ಮತ್ತೆ ಎದ್ದಾಗ ಸರ್ಪಸುತ್ತು ಬರುತ್ತದೆ. ಒಂದು ನರದ ಹಾದಿಯನ್ನೇ ಹಿಡಿಯುವುದರಿಂದ ಅದು ಸಾಮಾನ್ಯವಾಗಿ ಮೈಯ ನಡುಗೆರೆಯನ್ನು ದಾಟುವುದೇ ಇಲ್ಲ. ವೈರಸ್ಸಿನ ವಿರುದ್ಧದ ಮಾತ್ರೆ ಗುಳ್ಳೆ ಎದ್ದ 72 ಗಂಟೆಗಳೊಳಗೆ ಆರಂಭವಾದರೆ ಅದರ ಪ್ರಯೋಜನ ಹೆಚ್ಚು. ಕೆಮ್ಮಣ್ಣಿನಿಂದಾಗುವ ನಿಜವಾದ ನಷ್ಟ ಆ ಮೂರು ದಿನಗಳು.

ರಾತ್ರಿ ಹಾಸಿಗೆ ಸೇರಿದ ಮೇಲೆ ತುರಿಕೆ ಹೆಚ್ಚಾಗಿ, ಬೆರಳಸಂದಿ, ಮಣಿಕಟ್ಟು, ಹೊಕ್ಕುಳ, ಉಡಿದಾರದ ಜಾಗ ಮತ್ತು ಗುಪ್ತಾಂಗದಲ್ಲಿ ಸಣ್ಣ ಗುಳ್ಳೆಗಳಿದ್ದು, ಮನೆಯ ಇಬ್ಬರು ಮೂವರು ಕೆರೆದುಕೊಳ್ಳುತ್ತಿದ್ದರೆ ತುರಿಕಜ್ಜಿಯ ಸಂಶಯ ಬರಬೇಕು. ಹಾಸ್ಟೆಲಿನಿಂದ ರಜೆಗೆ ಬಂದ ಮಗುವನ್ನು ಈ ಬಗ್ಗೆ ಗದರದೆ ಕೇಳಿ.

ಹೊಲದಲ್ಲಿ ಕೆಲಸ ಮಾಡುವವರಿಗೆ ಕಣ್ಣುರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಮಳೆಗಾಲಕ್ಕೆ ಸರಿಯಾಗಿ ತುರಿಕೆ ಮರುಕಳಿಸುತ್ತಿದ್ದರೆ ಬದುವಿನ ಕಾಂಗ್ರೆಸ್ ಕಸವನ್ನು ನೆನಪಿಸಿಕೊಳ್ಳಿ. ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ ಬೆನ್ನು, ಎದೆಯ ಮೇಲೆ ಮುಳ್ಳಿನಂತೆ ಚುಚ್ಚುವ ಸಾಸಿವೆ ಗಾತ್ರದವು ಹೆಚ್ಚಾಗಿ ಬೆವರುಸಾಲೆ. ತಂಪಾದ ಜಾಗದಲ್ಲಿ ಕೆಲವು ದಿನ ಇದ್ದರೆ ತಾವಾಗಿಯೇ ಇಳಿಯುತ್ತವೆ. ಬೆಳಿಗ್ಗೆ ತೋಳಿನಲ್ಲಿದ್ದು ಸಂಜೆ ಹೊಟ್ಟೆಗೆ ಹೋದಂತೆ ಕಾಣುವ ದಪ್ಪ ದದ್ದು ಪಿತ್ತದ ಗಂಧೆ, ಅದರ ಒಂದೊಂದು ದದ್ದೂ 24 ಗಂಟೆಯೊಳಗೆ ಗುರುತಿಲ್ಲದೆ ಮಾಯವಾಗುತ್ತದೆ.

ತುರಿಕೆಯೇ ಇಲ್ಲದ್ದನ್ನು ಜನ ಕಡೆಗಣಿಸುತ್ತಾರೆ. ಇದು ದೊಡ್ಡ ತಪ್ಪು. ಬಣ್ಣ ಮಾಸಿದ ಮಚ್ಚೆಯ ಮೇಲೆ, ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯನ್ನು ಸೋಕಿಸಿದಾಗ ತಿಳಿಯದಿದ್ದರೆ, ಅಥವಾ ಕಿವಿಯ ಹಾಲೆ ದಪ್ಪಗಾಗಿ ಮುಖದ ಮೇಲೆ ನೋವಿಲ್ಲದ ಗಂಟುಗಳು ಎದ್ದಿದ್ದರೆ ಕುಷ್ಠರೋಗದ ಪರೀಕ್ಷೆ ಆಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ 6 ಅಥವಾ 12 ತಿಂಗಳ ಔಷಧ ಉಚಿತವಾಗಿ ದೊರೆಯುತ್ತದೆ, ಔಷಧ ಆರಂಭವಾದ ಸ್ವಲ್ಪ ದಿನಗಳಲ್ಲೇ ರೋಗ ಇತರರಿಗೆ ಹರಡುವುದು ನಿಲ್ಲುತ್ತದೆ, ಬೇಗ ಹಿಡಿದರೆ ಕೈಕಾಲಿಗೆ ಊನವೂ ಆಗುವುದಿಲ್ಲ. ಜ್ವರದ ಜೊತೆ ಬಗಲು, ತೊಡೆಸಂದಿ ಅಥವಾ ಸೊಂಟದಲ್ಲಿ ಬೀಡಿಯಿಂದ ಸುಟ್ಟಂಥ, ನೋಯದ ಕಪ್ಪು ಹಕ್ಕಳೆ ಕಂಡರೆ ವೈದ್ಯರಿಗೆ ಅದನ್ನೇ ಮೊದಲು ತೋರಿಸಿ. ಹೊಲದ ಪೊದೆಗಳ ಸಣ್ಣ ನುಸಿ ಕಚ್ಚಿ ಬರುವ ಜ್ವರದ ಗುರುತು ಅದಾಗಿರಬಹುದು. ಅಂಗೈ ಅಂಗಾಲುಗಳಲ್ಲಿ ಒರಟಾದ ಆಣಿಯಂಥ ಗುಳ್ಳೆಗಳೂ ಮೈಮೇಲೆ ಮಳೆಹನಿ ಬಿದ್ದಂಥ ಕಲೆಗಳೂ ಇದ್ದರೆ ಕುಡಿಯುವ ನೀರು ಯಾವ ಕೊಳವೆಬಾವಿಯದು ಎಂಬುದನ್ನು ತಪ್ಪದೆ ಹೇಳಬೇಕು, ಏಕೆಂದರೆ ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿ ಸೀಮೆಯ ಕೆಲವೆಡೆ ಅಂತರ್ಜಲದಲ್ಲಿ ಆರ್ಸೆನಿಕ್ ಕಂಡುಬಂದಿದೆ.

ಇನ್ನು ಚರ್ಮದಡಿಯ ಗಂಟು. ಮೆತ್ತಗಿದ್ದು, ಬೆರಳಿನಡಿ ಜಾರಿ, ವರ್ಷಗಟ್ಟಲೆ ಅಷ್ಟೇ ಇರುವ ಕೊಬ್ಬಿನ ಗಂಟಿಗೆ ಅವಸರವಿಲ್ಲ. ಗಟ್ಟಿಯಾಗಿ ಅಂಟಿಕೊಂಡಿರುವುದು, ತಿಂಗಳಲ್ಲಿ ಬೆಳೆದಿರುವುದು, ಕುತ್ತಿಗೆ ಅಥವಾ ಬಗಲಲ್ಲಿ ಎರಡು ವಾರ ದಾಟಿದ್ದು, ಬಣ್ಣ ಬದಲಿಸುತ್ತ ರಕ್ತ ಒಸರುವ ಮಚ್ಚೆ, ಅದರಲ್ಲೂ ಅಂಗಾಲು ಅಥವಾ ಉಗುರಿನಡಿಯ ಕಪ್ಪು: ಇವನ್ನು ತೋರಿಸುವುದನ್ನು ಮುಂದೂಡಬಾರದು.

ಹಂತ 4: ಬರೆದಿಡಿ, ಫೋಟೊ ತೆಗೆಯಿರಿ

ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಗುಳ್ಳೆಯ ಪಕ್ಕದಲ್ಲಿ ನಾಣ್ಯವಿಟ್ಟು ಒಂದು ಹತ್ತಿರದ ಫೋಟೊ, ಮೈಯ ಯಾವ ಭಾಗ ಎಂದು ತಿಳಿಯುವಂತೆ ಇನ್ನೊಂದು ದೂರದ ಫೋಟೊ. ಮೊಬೈಲಿನಲ್ಲಿ ಮುಖ ನುಣುಪು ಮಾಡುವ ಫಿಲ್ಟರನ್ನು ಬಂದ್ ಮಾಡಿ. ಅದು ಗುಳ್ಳೆಯನ್ನೇ ಅಳಿಸಿಬಿಡುತ್ತದೆ. ಸಂಜೆ ಎದ್ದು ಬೆಳಿಗ್ಗೆ ಇಳಿಯುವ ಗಂಧೆಗೆ ಫೋಟೊ ಒಂದೇ ಸಾಕ್ಷಿ.

ನೋಟ್‌ಬುಕ್ಕಿನಲ್ಲಿ ದಿನಕ್ಕೆ ಎರಡು ಸಾಲು ಸಾಕು. ನಮ್ಮ ಗಿರಾಕಿಯೊಬ್ಬರ ಪುಟದಲ್ಲಿ ಹೀಗಿತ್ತು: "ಮಂಗಳವಾರ. ಎಡ ಮಣಿಕಟ್ಟಿನಲ್ಲಿ 3, ಬೆರಳಸಂದಿಯಲ್ಲಿ 2. ರಾತ್ರಿ ಜಾಸ್ತಿ. ಹಿರೇ ಮಗನಿಗೂ ಐತಿ. ಬಿಪಿ ಮಾತ್ರೆ ಬದಲಾಗಿ 20 ದಿನ." ಅಂಗಡಿಗೆ ಅದುವರೆಗೆ ಬಂದ ವಿವರಣೆಗಳಲ್ಲಿ ಇಷ್ಟು ಉಪಯುಕ್ತವಾದದ್ದನ್ನು ನಾನು ಕಂಡಿರಲಿಲ್ಲ. ಕಳೆದ ಒಂದೆರಡು ತಿಂಗಳಲ್ಲಿ ಆರಂಭಿಸಿದ ಮಾತ್ರೆ, ಚುಚ್ಚುಮದ್ದು, ನಾಟಿ ಔಷಧ, ಹೊಸ ಸೋಪು, ತಲೆಗೆ ಹಚ್ಚಿದ ಬಣ್ಣ, ಸಿಂಪಡಿಸಿದ ಕ್ರಿಮಿನಾಶಕ, ಸಿಮೆಂಟು ಕೆಲಸ, ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ದುಡಿಯುವವರಾದರೆ ಕೈ ಅದ್ದುವ ಬಣ್ಣ ಮತ್ತು ರಾಸಾಯನಿಕ, ಇವೆಲ್ಲವೂ ಆ ಪುಟಕ್ಕೆ ಸೇರಬೇಕು.

ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ಚಿತ್ರಗಳನ್ನು ಹುಡುಕುತ್ತ ಕೂರುವ ಅಭ್ಯಾಸದ ಬಗ್ಗೆ ಒಂದು ಮಾತು. ಅಲ್ಲಿ ಸಿಗುವ ಚಿತ್ರಗಳಲ್ಲಿ ಬಹುಪಾಲು ಬಿಳಿಯ ಚರ್ಮದವು. ಅಲ್ಲಿ ಗುಲಾಬಿಯಾಗಿ ಕಾಣುವುದು ನಮ್ಮ ಮೈಮೇಲೆ ಕಂದು, ನೇರಳೆ ಅಥವಾ ಬೂದಿಯಾಗಿ ಕಾಣುತ್ತದೆ. ಆದ್ದರಿಂದ ಹೋಲಿಸಿ ಹೆದರುವುದೂ ಹೋಲಿಸಿ ಸಮಾಧಾನಪಡುವುದೂ ಎರಡೂ ದಾರಿ ತಪ್ಪಿಸುತ್ತವೆ. ದಿನಕ್ಕೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ ಬರೆದರೆ ಸಾಕು. ನಡುನಡುವೆ ಮುಟ್ಟಿ ನೋಡುತ್ತಿದ್ದರೆ ಗುಳ್ಳೆ ಕೆರಳುತ್ತದೆ, ನಿದ್ದೆಯೂ ಕೆಡುತ್ತದೆ.

ಹಂತ 5: ಎಲ್ಲಿಗೆ, ಎಷ್ಟು ದಿನದೊಳಗೆ ಹೋಗಬೇಕು

ಉರಿಯುವ ಪಟ್ಟಿ ಗುಳ್ಳೆಗೆ ಮೂರು ದಿನ ದಾಟಬಾರದು. ಮನೆಮಂದಿಗೆಲ್ಲ ಹಬ್ಬಿದ ತುರಿಕೆಗೆ ಆ ವಾರದೊಳಗೆ ಹೋಗಿ. ಉಳಿದ ಗುಳ್ಳೆಗಳು ಎರಡು ವಾರದಲ್ಲಿ ಇಳಿಯದಿದ್ದರೆ, ಹೆಚ್ಚಾದರೆ ಅಥವಾ ಮರುಕಳಿಸಿದರೆ ತೋರಿಸಲೇಬೇಕು. ಎಣಿಕೆ ಮೊದಲ ಗುಳ್ಳೆಯಿಂದ, ಕೊನೆಯ ಟ್ಯೂಬ್ ಮುಗಿದ ದಿನದಿಂದಲ್ಲ.

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆ. ತುರಿಕಜ್ಜಿ, ಗಜಕರ್ಣ, ಕುರು ಅಲ್ಲೇ ಬಗೆಹರಿಯುತ್ತವೆ. ಅಲ್ಲಿಂದ ಮುಂದಕ್ಕೆ ಕಳಿಸಿದರೆ ಕೊಪ್ಪಳದ ಮತ್ತು ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ, ಬಳ್ಳಾರಿಯಲ್ಲಿ ಜನ ವಿಮ್ಸ್ ಎಂದೇ ಕರೆಯುವ ದೊಡ್ಡಾಸ್ಪತ್ರೆ ಇದೆ. ಬಸ್ಸು ಹತ್ತುವ ಮೊದಲು ಸಲಹೆ ಬೇಕಿದ್ದರೆ 104 ಸಹಾಯವಾಣಿ ಇದೆ, ಇ-ಸಂಜೀವನಿ ಮೂಲಕ ವಿಡಿಯೊದಲ್ಲಿ ವೈದ್ಯರೊಡನೆ ಮಾತನಾಡಲೂಬಹುದು. ನಾಣ್ಯವಿಟ್ಟು ತೆಗೆದ ಫೋಟೊ ಅಲ್ಲಿ ಕೆಲಸಕ್ಕೆ ಬರುತ್ತದೆ.

ದೊಡ್ಡ ಆಸ್ಪತ್ರೆಗಳಲ್ಲಿ ಈ ವಿಭಾಗದ ಫಲಕದ ಮೇಲೆ ಚರ್ಮರೋಗದ ಜೊತೆಗೆ ಲೈಂಗಿಕ ರೋಗ, ಕುಷ್ಠರೋಗ ಎಂದೂ ಬರೆದಿರುವುದುಂಟು. ಅದನ್ನು ಓದಿ, ಪರಿಚಯದವರು ಕಂಡಾರೆಂದು, ಬಾಗಿಲಿನಿಂದಲೇ ಹಿಂದಿರುಗಿದವರನ್ನು ನಾನು ಬಲ್ಲೆ. ಮೂರೂ ಒಂದೇ ವೈದ್ಯಶಾಸ್ತ್ರದ ಶಾಖೆಗೆ ಸೇರಿರುವುದರಿಂದ ಫಲಕ ಹಾಗಿದೆ. ಅಲ್ಲಿ ಸಾಲಿನಲ್ಲಿ ನಿಂತವರಲ್ಲಿ ಮೊಡವೆ, ಕೂದಲು ಉದುರುವಿಕೆಗೆ ಬಂದವರೂ ಇರುತ್ತಾರೆ.

ಹಂತ 6: ವೈದ್ಯರ ಮುಂದೆ

ಸುಲಭವಾಗಿ ಸರಿಸಬಹುದಾದ ಬಟ್ಟೆ ತೊಟ್ಟು, ಪೌಡರು, ಎಣ್ಣೆ, ಮೆಹಂದಿ ಇಲ್ಲದೆ ಹೋಗಿ. ಹಳೆಯ ಟ್ಯೂಬ್‌ಗಳ ಚೀಲವನ್ನು ತಪ್ಪದೆ ಒಯ್ಯಿರಿ, ಖಾಲಿಯಾದದ್ದನ್ನೂ ಸೇರಿಸಿ. ಬೈಯುತ್ತಾರೆಂದು ಮುಚ್ಚಿಟ್ಟ ಟ್ಯೂಬೇ ಅನೇಕ ಸಲ ಉತ್ತರವಾಗಿರುತ್ತದೆ.

ಮೊದಲ ಮಾತಿನಲ್ಲೇ ಮೂರು ಸಂಗತಿ ಹೇಳಿ: ಎಷ್ಟು ದಿನವಾಯಿತು, ಎಲ್ಲಿ ಶುರುವಾಯಿತು, ಏನೇನು ಹಚ್ಚಿದಿರಿ. ಸಕ್ಕರೆ ಕಾಯಿಲೆ, ಗರ್ಭ, ಹಿಂದೆ ಯಾವುದಾದರೂ ಮಾತ್ರೆ ಮೈಗೆ ಆಗದೆ ಹೋದದ್ದು, ಇವನ್ನು ಅವರು ಕೇಳದಿದ್ದರೂ ಹೇಳಿ. ಗುಪ್ತಾಂಗದಲ್ಲಿ ಇದ್ದರೆ "ಅಲ್ಲೂ ಇದೆ" ಎಂದಷ್ಟೇ ಹೇಳಿದರೆ ಸಾಕು, ಉಳಿದದ್ದನ್ನು ಅವರು ಕೇಳುತ್ತಾರೆ. ಹೆಣ್ಣುಮಕ್ಕಳು ಪರೀಕ್ಷೆಯ ವೇಳೆ ನರ್ಸ್ ಅಥವಾ ಮನೆಯವರು ಜೊತೆಗಿರಲಿ ಎಂದು ಕೇಳಬಹುದು.

ಗಜಕರ್ಣದ ಸಂಶಯವಿದ್ದರೆ ಚರ್ಮದ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕೆಲವೊಮ್ಮೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಮೂರು ನಾಲ್ಕು ಮಿಲಿಮೀಟರ್ ಅಗಲದ ಚರ್ಮದ ತುಣುಕನ್ನು ತೆಗೆಯುತ್ತಾರೆ. ಬಯಾಪ್ಸಿ ಎಂಬ ಪದ ಕೇಳಿದ ಕೂಡಲೇ ಕ್ಯಾನ್ಸರ್ ಎಂದುಕೊಳ್ಳಬೇಡಿ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಕಾಯಿಲೆಗಳನ್ನು ಬೇರ್ಪಡಿಸಲೂ ಅದನ್ನು ಮಾಡುತ್ತಾರೆ.

ಎದ್ದು ಬರುವ ಮೊದಲು ಕೇಳಬೇಕಾದ ಪ್ರಶ್ನೆಗಳು: ಇದರ ಹೆಸರೇನು, ಇನ್ನೊಬ್ಬರಿಗೆ ಹರಡುತ್ತದೆಯೇ, ಎಷ್ಟು ದಿನ ಹಚ್ಚಬೇಕು, ಏನಾದರೆ ಮತ್ತೆ ಬರಬೇಕು. ಉತ್ತರವನ್ನು ಅಲ್ಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಹಂತ 7: ಮನೆಗೆ ಬಂದ ಮೇಲೆ

ಎಷ್ಟು ಹಚ್ಚಬೇಕೆಂಬುದಕ್ಕೆ ಸುಲಭ ಅಳತೆ ಇದೆ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದ ಔಷಧ ಬೆರಳುಗಳೂ ಸೇರಿದ ಎರಡು ಅಂಗೈಯಷ್ಟು ಜಾಗಕ್ಕೆ ಸಾಕಾಗುತ್ತದೆ.

ಅತಿ ಹೆಚ್ಚು ಸೋಲುವುದು ತುರಿಕಜ್ಜಿಯ ಚಿಕಿತ್ಸೆ. ಪರ್ಮೆಥ್ರಿನ್ 5 ಪ್ರತಿಶತ ಕ್ರೀಮನ್ನು ಗುಳ್ಳೆ ಇದ್ದಲ್ಲಿ ಮಾತ್ರ ಹಚ್ಚುತ್ತಾರೆ, ಒಬ್ಬರೇ ಹಚ್ಚಿಕೊಳ್ಳುತ್ತಾರೆ. ಅದನ್ನು ದೊಡ್ಡವರು ಕುತ್ತಿಗೆಯಿಂದ ಅಂಗಾಲಿನವರೆಗೆ, ಬೆರಳಸಂದಿ ಮತ್ತು ಉಗುರಿನಡಿಯನ್ನೂ ಬಿಡದೆ, ರಾತ್ರಿ ಹಚ್ಚಿ 8ರಿಂದ 12 ಗಂಟೆ ಬಿಟ್ಟು ತೊಳೆಯಬೇಕು. ತುರಿಕೆ ಇಲ್ಲದವರೂ ಸೇರಿ ಮನೆಮಂದಿಯೆಲ್ಲ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು, ಏಕೆಂದರೆ ಮೊದಲ ಬಾರಿ ತಗುಲಿದವರಿಗೆ ತುರಿಕೆ ಶುರುವಾಗಲು ಕೆಲವು ವಾರಗಳೇ ಬೇಕು. ಮರುದಿನ ಹಾಸಿಗೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ, ಒಗೆಯಲಾಗದ ಕೌದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂರು ದಿನಕ್ಕಿಂತ ಹೆಚ್ಚು ಇಡಿ. ವೈದ್ಯರು ಹೇಳಿದಂತೆ ಸುಮಾರು ಒಂದು ವಾರದ ಮೇಲೆ ಮತ್ತೊಮ್ಮೆ ಹಚ್ಚಬೇಕು. ಕೂಸುಗಳಿಗೂ ಬಸುರಿಯರಿಗೂ ಕ್ರಮ ಬೇರೆ ಇರುತ್ತದೆ, ಕೇಳಿಯೇ ಹಚ್ಚಿ. ಹುಳ ಸತ್ತ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಉಳಿಯುವುದುಂಟು. ಅದನ್ನು ಕಂಡು ದಿನವೂ ಕ್ರೀಮ್ ಮೆತ್ತಿದರೆ ಚರ್ಮ ಇನ್ನಷ್ಟು ಕೆರಳುತ್ತದೆ.

ಗಜಕರ್ಣದಲ್ಲಿ ತಪ್ಪು ಇದರ ತಿರುವುಮುರುವು: ತುರಿಕೆ ನಿಂತ ದಿನ ಔಷಧವನ್ನೂ ನಿಲ್ಲಿಸುತ್ತಾರೆ. ಹೇಳಿದ ಅವಧಿ ಪೂರ್ತಿ ಹಚ್ಚಬೇಕು, ಟವೆಲ್ಲು ಬೇರೆ ಇಡಬೇಕು, ಒಳ ಉಡುಪನ್ನು ದಿನವೂ ಒಗೆದು ಪೂರ್ತಿ ಒಣಗಿಸಿ ತೊಡಬೇಕು.

ಔಷಧ ಹಚ್ಚಿದ ಮೇಲೆ ಗುಳ್ಳೆ ನೀರಾಡಿದರೆ, ಕೀವು ಕಟ್ಟಿದರೆ, ಜ್ವರ ಬಂದರೆ, ಮುಖ ಊದಿದರೆ ಹಂತ 1ಕ್ಕೆ ಹಿಂದಿರುಗಿ. ಹೇಳಿದಷ್ಟು ದಿನ ಹೇಳಿದಂತೆ ಹಚ್ಚಿಯೂ ಬದಲಾವಣೆ ಕಾಣದಿದ್ದರೆ ಅದೇ ವೈದ್ಯರ ಬಳಿ ಮರಳಿ ಹೋಗುವುದು ಉತ್ತಮ, ಏಕೆಂದರೆ ಏನು ಕೆಲಸ ಮಾಡಲಿಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ. ಹೊಸ ವೈದ್ಯರು ಮೊದಲಿನಿಂದ ಶುರುಮಾಡಬೇಕು.

ಗುಳ್ಳೆ ಒಣಗಿದ ಜಾಗದಲ್ಲಿ ಕಪ್ಪು ಕಲೆ ಕೆಲವು ತಿಂಗಳು ಉಳಿಯುವುದು ನಮ್ಮ ಮೈಬಣ್ಣದವರಲ್ಲಿ ಸಹಜ. ಅದಕ್ಕೆಂದು ಬಿಳಿ ಮಾಡುವ ಕ್ರೀಮ್ ಕೇಳಿಕೊಂಡು ಮತ್ತೆ ಅಂಗಡಿಗೆ ಬರುವವರಿದ್ದಾರೆ. ಅವುಗಳಲ್ಲಿ ಎಷ್ಟೋ ಸ್ಟೀರಾಯ್ಡ್ ಬೆರೆತವು. ಮಿಕ್ಕ ಟ್ಯೂಬನ್ನು ದೇವರ ಮಾಡದ ಪಕ್ಕ ಎತ್ತಿಡದೆ ಅದರ ಮೇಲೆ ಯಾರಿಗೆ, ಯಾವುದಕ್ಕೆ, ಯಾವ ತಾರೀಖಿನಂದು ಬರೆದುಕೊಟ್ಟದ್ದು ಎಂದು ಪೆನ್ನಿನಿಂದ ಬರೆಯಿರಿ, ಅವಧಿ ಮುಗಿದಿದ್ದರೆ ಒಳಗಿನದನ್ನು ಹಿಂಡಿ ತೆಗೆದು ಕಸಕ್ಕೆ ಹಾಕಿ.